ದೀಪದ ಜ್ವಾಲೆ

ದೀಪದ ಜ್ವಾಲೆ ಎಂದರೆ ಬತ್ತಿಯ ಮೂಲಕ ಮೇಲೇರಿದ ಮೇಣ, ಎಣ್ಣೆ ಅಥವಾ ತುಪ್ಪವು ಕಾವಿಗೆ ಆವಿಯಾಗಿ, ಸುತ್ತಲಿನ ಗಾಳಿಯ ಆಮ್ಲಜನಕದೊಡನೆ ಸೇರುವ ತೆಳುವಾದ ಅಂಚಿನಲ್ಲಿ ಉರಿದು ಬೆಳಕನ್ನೂ ಶಾಖವನ್ನೂ ಕೊಡುವ ಅನಿಲ ಪ್ರದೇಶ. ಮೇಣದಬತ್ತಿ, ಹಣತೆ, ನಂದಾದೀಪ, ನಿಂಬೆಹಣ್ಣಿನ ದೀಪ, ಲಾಟೀನು ಇವೆಲ್ಲವುಗಳ ಜ್ವಾಲೆಯೂ ಮೂಲತಃ ಒಂದೇ. ಇಂಧನ ಮತ್ತು ಗಾಳಿ ಮೊದಲೇ ಬೆರೆತಿರುವುದಿಲ್ಲ. ಉರಿಯುವ ಜಾಗದಲ್ಲಿಯೇ ಒಂದರೊಳಗೊಂದು ಹರಡಿಕೊಂಡು ಕೂಡುತ್ತವೆ. ಆದ್ದರಿಂದ ಇದಕ್ಕೆ ವಿಸರಣ ಜ್ವಾಲೆ ಎಂದು ಹೆಸರು. ಅಡುಗೆಮನೆಯ ಗ್ಯಾಸ್ ಸ್ಟೌವಿನಲ್ಲಿ ಅನಿಲಕ್ಕೆ ಬರ್ನರ್ ತಲುಪುವ ಮುನ್ನವೇ ಗಾಳಿ ಬೆರೆಯುವುದರಿಂದ ಅದರ ಉರಿ ನೀಲಿ, ದೀಪದ ಉರಿ ಹಳದಿ.

ಈ ಲೇಖನದಲ್ಲಿ 'ಮಸಿ' ಎಂದರೆ ಜ್ವಾಲೆಯೊಳಗೆ ಹುಟ್ಟುವ ಇಂಗಾಲದ ಅತಿಸೂಕ್ಷ್ಮ ಕಣಗಳು. 'ಕರಿಹೊಗೆ' ಎಂದರೆ ಉರಿದು ಮುಗಿಯದೆ ಜ್ವಾಲೆಯಿಂದ ಹೊರಬಿದ್ದ ಮಸಿ. 'ಬಿಳಿಹೊಗೆ' ಎಂದರೆ ದೀಪ ಆರಿದ ಮೇಲೆ ಬತ್ತಿಯಿಂದ ಏಳುವ, ತಣಿದು ಹನಿಗಟ್ಟಿದ ಇಂಧನದ ಆವಿ. ಉದಾಹರಣೆಗಳನ್ನು ಮುಖ್ಯವಾಗಿ ದಕ್ಷಿಣ ಬೆಂಗಳೂರಿನಲ್ಲಿ ಬಳಕೆಯಲ್ಲಿರುವ ದೀಪಗಳಿಂದ ಆರಿಸಿಕೊಳ್ಳಲಾಗಿದೆ.

ಇತಿಹಾಸ

ಹತ್ತಿಯ ಬತ್ತಿ, ಅದಕ್ಕೆ ಹರಳೆಣ್ಣೆ, ಹೊಂಗೆಎಣ್ಣೆ, ಇಪ್ಪೆಎಣ್ಣೆ, ಎಳ್ಳೆಣ್ಣೆ ಅಥವಾ ತುಪ್ಪ ಎಂಬುದು ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಮೇಣದಬತ್ತಿ ಈಗಿನ ರೂಪಕ್ಕೆ ಬಂದದ್ದು ಯುರೋಪಿನಲ್ಲಿ. ಅಲ್ಲಿ ಜೇನುಮೇಣದ ಬತ್ತಿ ದುಬಾರಿಯಾಗಿತ್ತು. ಸಾಮಾನ್ಯರು ಉರಿಸುತ್ತಿದ್ದದ್ದು ದನಕುರಿಗಳ ಕೊಬ್ಬಿನ ಬತ್ತಿ. ಅದು ಹೊಗೆಯಾಡುತ್ತಿತ್ತು, ಕೆಟ್ಟ ವಾಸನೆ ಬೀರುತ್ತಿತ್ತು, ಅದರ ಬತ್ತಿಯ ತುದಿಯನ್ನು ಆಗಾಗ ಕತ್ತರಿಸಬೇಕಾಗುತ್ತಿತ್ತು. ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ ಕೊಬ್ಬಿನ ರಚನೆಯನ್ನು ಬಿಡಿಸಿ ತೋರಿಸಿ, ಗೇ-ಲುಸಾಕ್ ಜೊತೆಗೂಡಿ 1825ರಲ್ಲಿ ಸ್ಟಿಯರಿಕ್ ಆಮ್ಲದ ಬತ್ತಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಕಾಂಬಸೆರೆಸ್ ಹೆಣೆದ ಬತ್ತಿಯನ್ನು ಬಳಕೆಗೆ ತಂದರು. ಹೆಣೆದ ಬತ್ತಿ ಉರಿಯುವಾಗ ತಾನಾಗಿ ಪಕ್ಕಕ್ಕೆ ಬಾಗುತ್ತದೆ, ಅದರ ತುದಿ ಜ್ವಾಲೆಯ ಅತಿ ಬಿಸಿಯಾದ ಹೊರಅಂಚಿಗೆ ಚಾಚಿ ಬೂದಿಯಾಗಿ ಉದುರುತ್ತದೆ. ಕತ್ತರಿಯ ಕೆಲಸ ಅಲ್ಲಿಗೆ ಮುಗಿಯಿತು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪಾರಾಫಿನ್ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮೇಣ ಅಗ್ಗವಾಯಿತು. ಭಾರತದಲ್ಲಿ 1901ರಲ್ಲಿ ಆರಂಭವಾದ ಅಸ್ಸಾಮಿನ ಡಿಗ್ಬೊಯ್ ಎಣ್ಣೆ ಶುದ್ಧೀಕರಣಾಗಾರವು ಪಾರಾಫಿನ್ ಮೇಣಕ್ಕೆ ಹೆಸರಾಯಿತು.

ಜ್ವಾಲೆಯ ಬೆಳಕಿಗೆ ಕಾರಣ ಅದರೊಳಗೆ ಕಾದು ಹೊಳೆಯುವ ಘನ ಇಂಗಾಲದ ಕಣಗಳು ಎಂದು 1810ರ ದಶಕದಲ್ಲಿ ಹಂಫ್ರಿ ಡೇವಿ ತೋರಿಸಿದರು. ಅವರ ಶಿಷ್ಯ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ 1848ರಲ್ಲಿ ಒಮ್ಮೆ, 1860-61ರ ಕ್ರಿಸ್‌ಮಸ್ ವೇಳೆಯಲ್ಲಿ ಇನ್ನೊಮ್ಮೆ ಮೇಣದಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಲೆ ಕೊಟ್ಟರು. ಎರಡನೆಯ ಮಾಲೆ 1861ರಲ್ಲಿ ಪುಸ್ತಕವಾಯಿತು. ಇಂದಿಗೂ ಶಾಲೆಗಳಲ್ಲಿ ಮಾಡುವ ಮೇಣದಬತ್ತಿ ಪ್ರಯೋಗಗಳಲ್ಲಿ ಹಲವು ಈ ಪುಸ್ತಕದಲ್ಲಿವೆ.

ಬೆಂಗಳೂರಿನಲ್ಲಿ ಬೆಳಕಿಗಾಗಿ ದೀಪವನ್ನು ನೆಚ್ಚಿಕೊಳ್ಳುವ ಕಾಲ ಮುಗಿಯತೊಡಗಿದ್ದು 1905ರ ಆಗಸ್ಟ್ 5ರಂದು. ಶಿವನಸಮುದ್ರದ ಜಲವಿದ್ಯುತ್ತಿನಿಂದ ಅಂದು ನಗರದ ಮಾರುಕಟ್ಟೆ ಪ್ರದೇಶದಲ್ಲಿ ವಿದ್ಯುತ್ ಬೀದಿದೀಪಗಳು ಬೆಳಗಿದವು.

ಇಂಧನದ ಹಾದಿ

ಮೇಣದಬತ್ತಿಯಲ್ಲಿ ಉರಿಯುವುದು ಮೇಣದ ಆವಿ. ಘನ ಮೇಣಕ್ಕೆ ಬೆಂಕಿಕಡ್ಡಿ ಹಿಡಿದರೆ ಅದು ಕರಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಹತ್ತಿದ ಬತ್ತಿಯ ಸುತ್ತ ಪಾರಾಫಿನ್ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಸಣ್ಣ ಬಟ್ಟಲಿನಂತೆ ನಿಲ್ಲುತ್ತದೆ. ಹೊರಗಿನಿಂದ ಮೇಲಕ್ಕೆ ಹರಿದುಬರುವ ತಣ್ಣನೆಯ ಗಾಳಿ ಮೇಣದ ಅಂಚನ್ನು ಗಟ್ಟಿಯಾಗಿ ಉಳಿಸುವುದರಿಂದ ಈ ಬಟ್ಟಲು ಸೋರುವುದಿಲ್ಲ. ಫ್ಯಾನಿನ ಕೆಳಗಿಟ್ಟ ಮೇಣದಬತ್ತಿ ಒಂದೇ ಪಕ್ಕದಲ್ಲಿ ಸುರಿಯುವುದು ಈ ಹರಿವು ಕೆಟ್ಟುಹೋಗುವುದರಿಂದ. ಕರಗಿದ ಮೇಣ ನೂಲಿನ ಎಳೆಗಳ ನಡುವಿನ ಸಂದಿಗಳಲ್ಲಿ ಲೋಮನಾಳ ಕ್ರಿಯೆಯಿಂದ ಮೇಲೇರಿ, ಜ್ವಾಲೆಯ ಬುಡದಲ್ಲಿ ಆವಿಯಾಗುತ್ತದೆ. ಆವಿಯಾಗುವಾಗ ಅದು ಹೀರಿಕೊಳ್ಳುವ ಶಾಖವೇ ಬತ್ತಿಯನ್ನು ತಂಪಾಗಿಡುತ್ತದೆ. ಮೇಣ ಏರುತ್ತಿರುವಷ್ಟು ಕಾಲ ಬತ್ತಿ ಸುಡದೆ ನಿಲ್ಲುವುದು ಈ ಕಾರಣದಿಂದ.

ಎಣ್ಣೆದೀಪದಲ್ಲಿ ಕರಗುವ ಹಂತವಿಲ್ಲ. ಸಸ್ಯಜನ್ಯ ಎಣ್ಣೆಗಳು ಪಾರಾಫಿನ್‌ನಂತೆ ಸಲೀಸಾಗಿ ಆವಿಯಾಗುವುದೂ ಇಲ್ಲ. 300 ಡಿಗ್ರಿಗೂ ಹೆಚ್ಚಿನ ಉಷ್ಣತೆಯಲ್ಲಿ ಅವುಗಳ ಅಣುಗಳು ಮುರಿದು ಉರಿಯುವ ಅನಿಲಗಳಾಗುತ್ತವೆ. ಮುರಿಯುವಾಗ ಉಳಿದ ಇಂಗಾಲ ಬತ್ತಿಯ ತುದಿಯಲ್ಲಿ ಕರಿಕಟ್ಟುತ್ತದೆ, ಸಂದಿಗಳು ಮುಚ್ಚುತ್ತವೆ, ಜ್ವಾಲೆ ಕುಗ್ಗುತ್ತದೆ. ನಂದಾದೀಪದ ಬತ್ತಿಯನ್ನು ದಿನಕ್ಕೆ ಹಲವು ಸಲ ಕರಿ ಉದುರಿಸಿ ಮುಂದಕ್ಕೆ ಸರಿಸಬೇಕಾಗುವುದು ಇದಕ್ಕಾಗಿ. ದೀಪ ಪಟಪಟನೆ ಸಿಡಿದರೆ ಬತ್ತಿಯಲ್ಲೋ ತುಪ್ಪದಲ್ಲೋ ನೀರಿನಂಶ ಉಳಿದಿದೆ ಎಂದೇ ಅರ್ಥ. ಸರಿಯಾಗಿ ಕಾಯಿಸದ ಬೆಣ್ಣೆಯ ತುಪ್ಪದಲ್ಲಿ ಇದು ಸಾಮಾನ್ಯ.

ಪಾರಾಫಿನ್ ಹಲವು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಪ್ರತಿನಿಧಿಯಾಗಿ 25 ಇಂಗಾಲ, 52 ಜಲಜನಕ ಪರಮಾಣುಗಳ ಅಣುವನ್ನು ತೆಗೆದುಕೊಂಡರೆ, ಅಂಥ ಒಂದು ಅಣು ಪೂರ್ತಿ ಉರಿಯಲು ಆಮ್ಲಜನಕದ 38 ಅಣುಗಳು ಬೇಕು; ಹುಟ್ಟುವುದು ಕಾರ್ಬನ್ ಡೈಆಕ್ಸೈಡ್‌ನ 25 ಅಣು, ನೀರಿನ 26 ಅಣು. ತೂಕದ ಲೆಕ್ಕದಲ್ಲಿ 100 ಗ್ರಾಂ ಮೇಣ ಸುಮಾರು 345 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 312 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು 133 ಗ್ರಾಂ ನೀರಾಗುತ್ತದೆ. ಉರಿದುಹೋದ ಮೇಣಕ್ಕಿಂತ ಅದರಿಂದ ಹುಟ್ಟಿದ ನೀರೇ ಹೆಚ್ಚು ತೂಗುತ್ತದೆ. ತಣ್ಣನೆಯ ಸ್ಟೀಲ್ ಲೋಟವನ್ನು ಜ್ವಾಲೆಯ ಮೇಲೆ ಒಂದು ಕ್ಷಣ ಬೋರಲು ಹಿಡಿದರೆ ಒಳಗೆ ಮಂಜು ಕಟ್ಟುವುದು ಈ ನೀರು.

ಜ್ವಾಲೆಯ ರಚನೆ

ಶಾಲೆಯ ವಿಜ್ಞಾನ ಪಠ್ಯಗಳಲ್ಲಿರುವಂತೆ ಜ್ವಾಲೆಯಲ್ಲಿ ಮೂರು ವಲಯಗಳನ್ನು ಗುರುತಿಸುವುದು ವಾಡಿಕೆ. ಬತ್ತಿಯನ್ನು ಸುತ್ತಿಕೊಂಡಿರುವ ಕಪ್ಪು ವಲಯದಲ್ಲಿ ಉರಿಯದ ಆವಿ ಇದೆ. ಸಣ್ಣ ಗಾಜಿನ ಕೊಳವೆಯ ಒಂದು ತುದಿಯನ್ನು ಇದರೊಳಗಿಟ್ಟು ಇನ್ನೊಂದು ತುದಿಯಲ್ಲಿ ಬೆಂಕಿ ತಾಗಿಸಿದರೆ ಆ ಆವಿ ಅಲ್ಲಿ ಬೇರೆಯೇ ಜ್ವಾಲೆಯಾಗಿ ಉರಿಯುತ್ತದೆ. ಇದು ಫ್ಯಾರಡೆ ತೋರಿಸಿದ ಪ್ರಯೋಗ. ಅದರ ಮೇಲಿನ ಹಳದಿ ವಲಯ ಬೆಳಕಿನ ಮೂಲ, ಉಷ್ಣತೆ ಸುಮಾರು 1,200 ಡಿಗ್ರಿ. ಎಲ್ಲದರ ಹೊರಗೆ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ತೆಳುಪದರದಲ್ಲಿ ದಹನ ಪೂರ್ತಿಯಾಗುತ್ತದೆ. ಅತಿ ಹೆಚ್ಚಿನ ಉಷ್ಣತೆ, ಸುಮಾರು 1,400 ಡಿಗ್ರಿ, ಇರುವುದು ಇಲ್ಲಿ. ಬುಡದಲ್ಲಿ ಕಾಣುವ ನೀಲಿ ಬಟ್ಟಲನ್ನು ನಾಲ್ಕನೆಯ ವಲಯವೆಂದು ಎಣಿಸುವುದೂ ಉಂಟು. ಅಲ್ಲಿ ಗಾಳಿ ಧಾರಾಳವಾಗಿ ಬಂದು ಸೇರುವುದರಿಂದ ಮಸಿ ಹುಟ್ಟುವುದಿಲ್ಲ; ಇಂಗಾಲ ಮತ್ತು ಜಲಜನಕದ ಅಲ್ಪಾಯುಷಿ ಅಣುತುಣುಕುಗಳು ನೇರವಾಗಿ ನೀಲಿ-ಹಸಿರು ಬೆಳಕು ಸೂಸುತ್ತವೆ.

ಮೂರು ವಲಯಗಳ ಈ ಚಿತ್ರ ಒಂದು ತಪ್ಪು ಭಾವನೆಗೆ ಎಡೆಮಾಡುತ್ತದೆ: ಜ್ವಾಲೆ ಒಳಗಿನಿಂದ ಹೊರಗಿನವರೆಗೆ ಇಡಿಯಾಗಿ ಉರಿಯುತ್ತಿದೆ ಎಂದು. ನಿಜದಲ್ಲಿ ಉರಿ ಇರುವುದು ಒಂದು ಹಾಳೆಯಷ್ಟು ತೆಳುವಾದ ಅಂಚಿನಲ್ಲಿ, ಒಳಗಿನ ಆವಿಯೂ ಹೊರಗಿನ ಆಮ್ಲಜನಕವೂ ತಕ್ಕ ಪ್ರಮಾಣದಲ್ಲಿ ಸೇರುವಲ್ಲಿ ಮಾತ್ರ. ಬಿಳಿ ಕಾಗದವನ್ನು ಜ್ವಾಲೆಯ ಮಧ್ಯಕ್ಕೆ ಅಡ್ಡಲಾಗಿ ಕ್ಷಣಕಾಲ ಹಿಡಿದು ತೆಗೆದರೆ ಸುಟ್ಟ ಗುರುತು ಬಳೆಯಾಕಾರದಲ್ಲಿ ಬೀಳುತ್ತದೆ, ನಡುಭಾಗ ಸುಡುವುದಿಲ್ಲ. ಇಂಥ ಜ್ವಾಲೆಯ ಆಕಾರವನ್ನು ಗಣಿತದಿಂದ ವಿವರಿಸುವ ಸಿದ್ಧಾಂತವನ್ನು 1928ರಲ್ಲಿ ಬರ್ಕ್ ಮತ್ತು ಶುಮನ್ ಕೊಟ್ಟರು.

ಬೆಳಕು ಮತ್ತು ಮಸಿ

ಹಳದಿ ಬೆಳಕು ಪೂರ್ತಿ ಉರಿಯದ ಇಂಗಾಲದ್ದು. ಆಮ್ಲಜನಕ ಸಾಲದ ಒಳಭಾಗದಲ್ಲಿ ಮೇಣದ ಅಣುಗಳು ಕಾವಿಗೆ ಮುರಿಯುತ್ತವೆ, ತುಣುಕುಗಳು ಉಂಗುರಗಳಾಗಿ ಜೋಡಿಕೊಳ್ಳುತ್ತವೆ, ಉಂಗುರಗಳು ಒಂದಕ್ಕೊಂದು ಅಂಟಿ ಕೆಲವು ಹತ್ತು ನ್ಯಾನೊಮೀಟರ್ ಗಾತ್ರದ ಮಸಿಯ ಕಣಗಳಾಗುತ್ತವೆ. ಈ ಕಣಗಳು ಬಿಸಿಗೆ ಹೊಳೆಯುತ್ತ ಮೇಲೇರಿ, ಹೊರಅಂಚನ್ನು ತಲುಪಿದಾಗ ಆಮ್ಲಜನಕ ಸಿಕ್ಕಿ ಉರಿದುಹೋಗುತ್ತವೆ. ಆದ್ದರಿಂದ ಒಳ್ಳೆಯ ದೀಪದ ಜ್ವಾಲೆಯೊಳಗೆ ಮಸಿ ತುಂಬಿದ್ದರೂ ಹೊರಗೆ ಹೊಗೆ ಕಾಣುವುದಿಲ್ಲ. ಬತ್ತಿ ಉದ್ದವಾದರೆ ಆವಿ ಹೆಚ್ಚುತ್ತದೆ, ಮಸಿ ಉರಿದು ಮುಗಿಯುವ ಮೊದಲೇ ತುದಿ ತಣಿಯುತ್ತದೆ, ಕರಿಹೊಗೆ ಹೊರಡುತ್ತದೆ. ದೇವರಮನೆಯ ಗೋಡೆ ಕಪ್ಪಾಗುತ್ತಿದ್ದರೆ ಎಣ್ಣೆಯನ್ನು ದೂರುವ ಮುನ್ನ ಬತ್ತಿಯ ಉದ್ದ ನೋಡುವುದು ಸರಿಯಾದ ಕ್ರಮ. 2011ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ವೂಝೊಂಗ್ ಝೌ ಅವರ ತಂಡ ಮೇಣದಬತ್ತಿಯ ಜ್ವಾಲೆಯ ಒಳಗೆ ವಜ್ರದ ನ್ಯಾನೊಕಣಗಳೂ ಹುಟ್ಟುತ್ತವೆ ಎಂದು ಕಂಡುಕೊಂಡಿತು. ಅವು ಕೂಡ ಹೊರಬರುವ ಮೊದಲೇ ಉರಿದುಹೋಗುತ್ತವೆ.

ಬೆಳಕಿನ ಮೂಲವಾಗಿ ದೀಪ ಬಹಳ ನಷ್ಟದ್ದು. ಸಾಮಾನ್ಯ ಮೇಣದಬತ್ತಿ ಗಂಟೆಗೆ ಸುಮಾರು 6 ಗ್ರಾಂ ಮೇಣ ಉರಿಸಿ 70 ವಾಟ್‌ಗಳಷ್ಟು ಶಕ್ತಿ ಬಿಡುಗಡೆ ಮಾಡುತ್ತದೆ. ಅದರಿಂದ ಸಿಗುವ ಬೆಳಕು ಸುಮಾರು 12 ಲ್ಯೂಮೆನ್. 9 ವಾಟ್‌ನ ಎಲ್‌ಇಡಿ ಬಲ್ಬ್ ಅದಕ್ಕಿಂತ 70 ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ.

ಆಕಾರ, ಗಾಳಿ ಮತ್ತು ಎತ್ತರ

ಬಿಸಿಯಾದ ಅನಿಲ ಹಗುರವಾಗಿ ಮೇಲೇರುತ್ತದೆ, ಬುಡದಿಂದ ಹೊಸ ಗಾಳಿ ನುಗ್ಗಿ ಬರುತ್ತದೆ; ಈ ಸಂವಹನವೇ ಜ್ವಾಲೆಯನ್ನು ಉದ್ದಕ್ಕೆ ಎಳೆದು ತುದಿಯನ್ನು ಚೂಪಾಗಿಸುತ್ತದೆ. ಗುರುತ್ವದ ಪರಿಣಾಮ ಇಲ್ಲದಲ್ಲಿ ಸಂವಹನವೂ ಇಲ್ಲ. 1992ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿಯೂ 1996ರಲ್ಲಿ ರಷ್ಯದ ಮಿರ್ ನಿಲ್ದಾಣದಲ್ಲಿಯೂ ಮೇಣದಬತ್ತಿ ಹಚ್ಚಿದಾಗ ಜ್ವಾಲೆ ಗುಂಡಗೆ, ಮಂಕಾದ ನೀಲಿ ಬಣ್ಣದಲ್ಲಿ ಕಾಣಿಸಿತು.

ಗಾಳಿಯಾಡದ ಕೋಣೆಯಲ್ಲಿ ಒಂಟಿ ದೀಪ ಅಲುಗದೆ ಉರಿಯುತ್ತದೆ. ಹಲವು ಬತ್ತಿಗಳನ್ನು ಒತ್ತಾಗಿ ಸೇರಿಸಿ ಹಚ್ಚಿದರೆ ಹೊರಗಿನ ಗಾಳಿ ಇಲ್ಲದಿದ್ದರೂ ಜ್ವಾಲೆ ಸೆಕೆಂಡಿಗೆ ಸುಮಾರು 10 ಬಾರಿ ಕುಣಿಯುತ್ತದೆ. ಮೇಲೇರುವ ಬಿಸಿ ಅನಿಲ ಮತ್ತು ಸುತ್ತಲಿನ ನಿಂತ ಗಾಳಿಯ ನಡುವೆ ಹುಟ್ಟುವ ಸುಳಿಗಳು ಇದಕ್ಕೆ ಕಾರಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 10ರಷ್ಟು ಕಡಿಮೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಮಾತ್ರ ಎಲ್ಲ ಕಡೆಯಂತೆ ಶೇಕಡಾ 21. 1859ರಲ್ಲಿ ಎಡ್ವರ್ಡ್ ಫ್ರ್ಯಾಂಕ್‌ಲ್ಯಾಂಡ್ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್ ಶಿಖರದಲ್ಲಿಯೂ ಅದರ ತಪ್ಪಲಿನಲ್ಲಿಯೂ ಮೇಣದಬತ್ತಿ ಉರಿಸಿ ನೋಡಿದಾಗ ಮೇಣ ಸವೆಯುವ ವೇಗ ಹೆಚ್ಚುಕಡಿಮೆ ಒಂದೇ ಇತ್ತು, ಬೆಳಕು ಶಿಖರದಲ್ಲಿ ಕಡಿಮೆಯಿತ್ತು. ಒತ್ತಡ ಇಳಿದಷ್ಟೂ ಮಸಿ ಕಡಿಮೆ ಹುಟ್ಟುತ್ತದೆ. 900 ಮೀಟರಿನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವಷ್ಟಿಲ್ಲ.

ದೀಪದ ಬಗೆಗಳು

ಗಾಂಧಿ ಬಜಾರ್, ಜಯನಗರ 4ನೇ ಬ್ಲಾಕ್‌ಗಳ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ ಬತ್ತಿಗಳಲ್ಲಿ ಎಳೆಬತ್ತಿ ಉದ್ದವಾಗಿ ಎಣ್ಣೆಯಲ್ಲಿ ಮಲಗಿರುತ್ತದೆ, ಹೂಬತ್ತಿ ಅಗಲವಾದ ಬುಡದ ಮೇಲೆ ನಿಂತಿರುತ್ತದೆ. ಹೂಬತ್ತಿಯ ಜ್ವಾಲೆ ಹಣತೆಯ ನಡುವೆ ನೆಟ್ಟಗೆ ಉರಿಯುವುದರಿಂದ ಅಂಚು ಕಾಯುವುದಿಲ್ಲ.

ಇಂಧನ ಬದಲಾದರೆ ಜ್ವಾಲೆಯ ನಡತೆಯೂ ಬದಲಾಗುತ್ತದೆ. ಹರಳೆಣ್ಣೆ ಎಳ್ಳೆಣ್ಣೆಗಿಂತ 10 ಪಟ್ಟಿಗೂ ಹೆಚ್ಚು ಮಂದ. ಬತ್ತಿಯಲ್ಲಿ ನಿಧಾನವಾಗಿ ಏರುತ್ತದೆ, ಜ್ವಾಲೆ ಚಿಕ್ಕದಾಗಿ ಬಹಳ ಹೊತ್ತು ನಿಲ್ಲುತ್ತದೆ. ತುಪ್ಪ ಬೇಸಿಗೆಯ ಬೆಂಗಳೂರಿನಲ್ಲಿ ಎಣ್ಣೆಯಂತೆ ವರ್ತಿಸಿದರೆ, ಡಿಸೆಂಬರ್-ಜನವರಿಯ ಮುಂಜಾನೆ ಗಟ್ಟಿಯಾಗಿರುತ್ತದೆ. ಆಗ ತುಪ್ಪದ ದೀಪ ಅಕ್ಷರಶಃ ಮೇಣದಬತ್ತಿಯೇ: ತನ್ನ ಕಾವಿನಿಂದ ತಾನೇ ಇಂಧನ ಕರಗಿಸಿಕೊಂಡು ಉರಿಯುತ್ತದೆ.

ನಿಂಬೆಹಣ್ಣಿನ ದೀಪ ದಕ್ಷಿಣ ಬೆಂಗಳೂರಿನಲ್ಲಿ ವಿಶೇಷವಾಗಿ ಕಾಣುವ ಬಗೆ. ಕನಕಪುರ ರಸ್ತೆಯ ಬನಶಂಕರಿ ಅಮ್ಮನವರ ದೇವಸ್ಥಾನದಲ್ಲಿ ಮಂಗಳವಾರ, ಶುಕ್ರವಾರ ಮತ್ತು ಭಾನುವಾರ ರಾಹುಕಾಲದಲ್ಲಿ ಭಕ್ತರು ಇದನ್ನು ಹಚ್ಚುತ್ತಾರೆ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ತಿರುಗಿಸಿ ಬಟ್ಟಲು ಮಾಡಿ, ತುಪ್ಪ ಅಥವಾ ಎಣ್ಣೆ ಹಾಕಿ ಬತ್ತಿ ಇಡುತ್ತಾರೆ. ಹಸಿ ಸಿಪ್ಪೆ ಬೆಂಕಿಯ ಪಕ್ಕದಲ್ಲಿದ್ದೂ ಉರಿಯದಿರಲು ಕಾರಣ ಅದರಲ್ಲಿರುವ ನೀರು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ನೀರಿರುವ ತನಕ ಸಿಪ್ಪೆಯ ಉಷ್ಣತೆ ಅದನ್ನು ದಾಟುವುದಿಲ್ಲ. ತಿರುಗಿಸಿದಾಗ ಹಣ್ಣಿನ ಹಳದಿ ಹೊರಮೈ ಬಟ್ಟಲಿನ ಒಳಮೈಯಾಗುತ್ತದೆ ಎಂಬುದು ಗಮನಿಸಬೇಕಾದ ಅಂಶ. ಆ ಮೈಯಲ್ಲಿರುವ ಸಣ್ಣ ಚೀಲಗಳಲ್ಲಿ ಲಿಮೊನೀನ್ ಎಂಬ ಸುವಾಸನೆಯ ಎಣ್ಣೆ ಇದೆ. ಅದರ ಆವಿ ಸುಮಾರು 50 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಬಲ್ಲದು. ಚೀಲ ಒಡೆದು ಎಣ್ಣೆ ಜ್ವಾಲೆಗೆ ಚಿಮ್ಮಿದಾಗ ಫಕ್ಕನೆ ಸಣ್ಣ ಕಿಡಿ ಹಾರುವುದು ಇದರಿಂದಲೇ. ತುಪ್ಪ ಮುಗಿದು ಸಿಪ್ಪೆ ಒಣಗಿದ ಮೇಲೆ ಅಂಚು ಕರಿಯಾಗಿ ಹೊಗೆಯಾಡತೊಡಗುತ್ತದೆ.

ಅಕ್ಕಿಹಿಟ್ಟು ಮತ್ತು ಬೆಲ್ಲದ ತಂಬಿಟ್ಟಿನ ದೀಪದಲ್ಲಿ ಬಟ್ಟಲು ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುತ್ತದೆ. ಎಳ್ಳುಬತ್ತಿಯಲ್ಲಿ ಬಟ್ಟೆಯ ಗಂಟಿನೊಳಗಿನ ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಆಗಿರುವುದರಿಂದ ಗಂಟು ಬತ್ತಿಯೂ ಹೌದು, ಇಂಧನವೂ ಹೌದು. ಕರ್ಪೂರಕ್ಕೆ ಬತ್ತಿಯೇ ಬೇಡ. ಅದು ಘನರೂಪದಿಂದ ನೇರವಾಗಿ ಆವಿಯಾಗುತ್ತದೆ, ಜಲಜನಕಕ್ಕೆ ಹೋಲಿಸಿದರೆ ಇಂಗಾಲ ಹೆಚ್ಚಿರುವುದರಿಂದ ತುಂಬಾ ಮಸಿ ಬಿಡುತ್ತದೆ. ಸೀಮೆಎಣ್ಣೆಯ ಬುಡ್ಡಿ ಕೂಡ ಹಾಗೆಯೇ ಮಸಿ ಬಿಡುತ್ತದೆ. ಲಾಟೀನಿನ ಗಾಜು ಗಾಳಿಯ ಸೆಳೆತವನ್ನು ಹೆಚ್ಚಿಸಿ ಅದೇ ಎಣ್ಣೆಯನ್ನು ಕಡಿಮೆ ಹೊಗೆಯಲ್ಲಿ ಉರಿಸುತ್ತದೆ.

ಶಾಲೆಯ ಪ್ರಯೋಗಗಳು

ಮೇಣದಬತ್ತಿಯನ್ನು ಊದಿ ಆರಿಸಿದ ಕೂಡಲೇ ಏಳುವ ಬಿಳಿಹೊಗೆಗೆ ಬತ್ತಿಯಿಂದ ಒಂದೆರಡು ಸೆಂಟಿಮೀಟರ್ ಮೇಲೆ ಕಡ್ಡಿ ಹಿಡಿದರೆ ಜ್ವಾಲೆ ಹೊಗೆಯ ಎಳೆಯಲ್ಲಿ ಇಳಿದು ಬತ್ತಿಯನ್ನು ಮತ್ತೆ ಹತ್ತಿಸುತ್ತದೆ. ಉರಿಯುವುದು ಆವಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ತಟ್ಟೆಯ ನೀರಿನಲ್ಲಿ ನಿಲ್ಲಿಸಿದ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ಇನ್ನೂ ಹೆಚ್ಚು ಪ್ರಸಿದ್ಧ, ಅದರ ವಿವರಣೆ ಹೆಚ್ಚಾಗಿ ತಪ್ಪು. ಐದನೇ ಒಂದು ಪಾಲು ಆಮ್ಲಜನಕ ಖರ್ಚಾದ ಜಾಗಕ್ಕೆ ಅಷ್ಟೇ ನೀರು ಏರಿತು ಎಂದು ಹೇಳಿಕೊಡುವುದು ರೂಢಿಯಾಗಿದೆ. ಮುಚ್ಚಿದ ಲೋಟದಲ್ಲಿ ಆಮ್ಲಜನಕ ಸುಮಾರು ಶೇಕಡಾ 16ಕ್ಕೆ ಇಳಿದಾಗಲೇ ಜ್ವಾಲೆ ಆರುತ್ತದೆ. ಬಹುಪಾಲು ಆಮ್ಲಜನಕ ಹಾಗೆಯೇ ಉಳಿದಿರುತ್ತದೆ, ಖರ್ಚಾದದ್ದರ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ಬಂದಿರುತ್ತದೆ. ನೀರು ಏರಲು ಮುಖ್ಯ ಕಾರಣ ಲೋಟದೊಳಗಿನ ಬಿಸಿಗಾಳಿ ದೀಪ ಆರಿದ ಮೇಲೆ ತಣಿದು ಕುಗ್ಗುವುದು. ನೀರು ದೀಪ ಉರಿಯುವಾಗ ನಿಧಾನವಾಗಿದ್ದು, ಆರಿದ ಮೇಲೆ ಸರಕ್ಕನೆ ಏರುವುದನ್ನು ಗಮನಿಸಿದರೆ ಮಕ್ಕಳೇ ಇದನ್ನು ಕಂಡುಹಿಡಿಯಬಲ್ಲರು. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಎತ್ತರಕ್ಕೆ ಏರುತ್ತದೆ. ಆಮ್ಲಜನಕದ ಲೆಕ್ಕವೇ ನಿಜವಾಗಿದ್ದರೆ ಹಾಗಾಗಬಾರದಿತ್ತು.

ಉಪಯೋಗಗಳು

ಬೆಳಕಿನ ತೀವ್ರತೆಯ ಮಾನ ಹುಟ್ಟಿದ್ದು ಮೇಣದಬತ್ತಿಯಿಂದ. ಗಂಟೆಗೆ 120 ಗ್ರೇನ್, ಎಂದರೆ ಸುಮಾರು 7.8 ಗ್ರಾಂ ಸವೆಯುವ ತಿಮಿಂಗಿಲದ ಮೇಣದ ಬತ್ತಿಯನ್ನು 1860ರಲ್ಲಿ ಬ್ರಿಟನ್ ಮಾನಕವಾಗಿ ಕಾನೂನಿಗೆ ಸೇರಿಸಿತು. ಇಂದಿನ ಕ್ಯಾಂಡೆಲಾ ಅದರ ವಾರಸುದಾರ. 1979ರ ವ್ಯಾಖ್ಯೆಯಲ್ಲಿ ಬತ್ತಿಯ ಮಾತೇ ಇಲ್ಲದಿದ್ದರೂ ಒಂದು ಸಾಮಾನ್ಯ ಮೇಣದಬತ್ತಿಯ ತೀವ್ರತೆ ಈಗಲೂ ಸುಮಾರು 1 ಕ್ಯಾಂಡೆಲಾ.

ಕನ್ನಡ ಮನೆಗಳಲ್ಲಿ ಜ್ವಾಲೆಯ ಮಸಿಗೂ ಬಳಕೆ ಇತ್ತು. ಹರಳೆಣ್ಣೆ ದೀಪದ ಮೇಲೆ ತಾಮ್ರದ ಅಥವಾ ಹಿತ್ತಾಳೆಯ ತಟ್ಟೆ ಬೋರಲು ಹಾಕಿದರೆ ತಣ್ಣನೆಯ ಲೋಹ ಜ್ವಾಲೆಯ ತುದಿಯನ್ನು ತಣಿಸುತ್ತದೆ, ಉರಿಯಬೇಕಿದ್ದ ಮಸಿ ತಟ್ಟೆಗೆ ಅಂಟುತ್ತದೆ. ಅದನ್ನು ಕೆರೆದು ತುಪ್ಪ ಅಥವಾ ಹರಳೆಣ್ಣೆಯಲ್ಲಿ ಕಲಸಿದರೆ ಕಾಡಿಗೆ. ಬರೆಯುವ ಮಸಿ ತಯಾರಿಸಲೂ ದೀಪದ ಮಸಿಯೇ ಕಚ್ಚಾವಸ್ತುವಾಗಿತ್ತು.

ಇಂದಿನ ಸ್ಥಿತಿ

ಕರೆಂಟ್ ಹೋದಾಗ ಮೇಣದಬತ್ತಿ ಹುಡುಕುವ ರೂಢಿ ಯುಪಿಎಸ್ ಮತ್ತು ಮೊಬೈಲ್ ಟಾರ್ಚ್‌ಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ದೀಪದ ಜ್ವಾಲೆ ಉಳಿದಿರುವುದು ಮುಖ್ಯವಾಗಿ ದೇವರಮನೆ, ದೇವಸ್ಥಾನ, ಚರ್ಚು, ಹುಟ್ಟುಹಬ್ಬದ ಕೇಕು ಮತ್ತು ದೀಪಾವಳಿ, ಕಾರ್ತಿಕ ಮಾಸದ ದೀಪೋತ್ಸವಗಳಲ್ಲಿ. ಜ್ವಾಲೆಯ ವಿಜ್ಞಾನದಂಥ ವಿಷಯಗಳನ್ನು ಜನರಿಗೆ ತಲುಪಿಸುವ ಕೆಲಸಕ್ಕೆ ಈ ಭಾಗದಲ್ಲಿ ಹಳೆಯ ನೆಲೆಗಳಿವೆ. ಬನಶಂಕರಿ 2ನೇ ಹಂತದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ನಡೆಸಿಕೊಂಡು ಬಂದಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ದಹನದ ಉನ್ನತ ಸಂಶೋಧನೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿದೆ.

ದೀಪ ಹಚ್ಚುವಾಗ ಒಂದೆರಡು ಎಚ್ಚರಿಕೆಗಳೂ ಬೇಕು. ಒಂದು ಮೇಣದಬತ್ತಿ ಇಡೀ ದಿನ ಉರಿದರೆ ಬಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 450 ಗ್ರಾಂ. ಒಬ್ಬ ಮನುಷ್ಯ ದಿನಕ್ಕೆ ಉಸಿರಿನಲ್ಲಿ ಬಿಡುವುದು ಸುಮಾರು 1 ಕಿಲೋಗ್ರಾಂ. ಆದ್ದರಿಂದ ಸಾಲುಸಾಲು ದೀಪ ಹಚ್ಚಿದ ಕೋಣೆಯ ಕಿಟಕಿ ತೆರೆದಿರಬೇಕು. ಹತ್ತಿರ ಹತ್ತಿರ ಇಟ್ಟ ಹಣತೆಗಳು ಒಂದರ ಕಾವಿಗೆ ಇನ್ನೊಂದು ಬಿಸಿಯಾಗಿ, ಎಣ್ಣೆಯ ಇಡೀ ಮೇಲ್ಮೈ ಹೊತ್ತಿಕೊಳ್ಳುವುದುಂಟು. ಆಗ ನೀರು ಹಾಕಬಾರದು. ನೀರು ಎಣ್ಣೆಯ ಕೆಳಗಿಳಿದು ಕ್ಷಣಮಾತ್ರದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಹಬೆಯಾಗುತ್ತದೆ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ತಟ್ಟೆಯನ್ನೋ ಪಾತ್ರೆಯ ಮುಚ್ಚಳವನ್ನೋ ಪಕ್ಕದಿಂದ ಸರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯದಿರಿ.